ತವರಿಗೆ ಬರುವ ಮುದುಕರು

ನಮ್ಮಲ್ಲಿ ಆಟಗಾರನೊಬ್ಬ ನಿವೃತ್ತನಾದರೆ ಒಂದು ಶಾಲು, ಒಂದು ಗಂಧದ ಹಾರ, ಒಂದು ಬುಟ್ಟಿ ಹಣ್ಣು. ಮರುದಿನದ ಪತ್ರಿಕೆಯಲ್ಲಿ ಒಂದು ಫೋಟೋ. ಆಮೇಲೆ ಆತ ಎಲ್ಲಿದ್ದಾನೆ, ಮಂಡಿನೋವು ಹೇಗಿದೆ ಎಂದು ಕೇಳುವವರು ಕಡಿಮೆ. ಸತ್ತಾಗ ಇನ್ನೊಂದು ಫೋಟೋ ಬರುತ್ತದೆ, ಅಷ್ಟೆ. ನ್ಯೂಯಾರ್ಕಿನ ಯಾಂಕೀಸ್ ಎಂಬ ಬೇಸ್‌ಬಾಲ್ ತಂಡದವರು ಇದಕ್ಕೊಂದು ಬೇರೆ ರೂಢಿ ಮಾಡಿಕೊಂಡಿದ್ದಾರೆ. ಗೌರಿಹಬ್ಬಕ್ಕೆ ಹೆಣ್ಣುಮಕ್ಕಳನ್ನು ತವರಿಗೆ ಕರೆಯುವ ಹಾಗೆ, ಬೇಸಿಗೆಯಲ್ಲಿ ಒಂದು ದಿನ ತಮ್ಮ ಹಳೆಯ ಆಟಗಾರರನ್ನೆಲ್ಲ ಮೈದಾನಕ್ಕೆ ಕರೆಯುತ್ತಾರೆ. ಓಲ್ಡ್ ಟೈಮರ್ಸ್ ಡೇ ಎಂದು ಅದರ ಹೆಸರು. ನಾನು ಹಳಬರ ಹಬ್ಬ ಎನ್ನುತ್ತೇನೆ.

ಮಲೆನಾಡಿನ ಹೆಂಗಸಿಗೆ ಈ ಆಟದ ಹುಚ್ಚು ಹಿಡಿದದ್ದು ಹೇಗೆ ಎಂದು ನೀವು ಕೇಳಬಹುದು. 1981ರಲ್ಲಿ ಮದುವೆಯಾಗಿ ಸಾಗರದಿಂದ ಸೀದಾ ನ್ಯೂಜೆರ್ಸಿಗೆ ಹೋದವಳು ನಾನು. ನಮ್ಮವರು ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಸಂಜೆ ಏಳಕ್ಕೇ ವಾಪಸು. ನನಗೆ ಮಾತಾಡಲು ಸಿಕ್ಕಿದವರು ಪಕ್ಕದ ಮನೆಯ ಇಟಾಲಿಯನ್ ಅಜ್ಜಿ. ಅವರ ಅಡಿಗೆಮನೆಯಲ್ಲಿ ಟೊಮೇಟೊ ಸಾರಿನ ಕುದಿತದ ಜೊತೆಗೆ ರೇಡಿಯೋದಲ್ಲಿ ಬೇಸ್‌ಬಾಲ್ ಕಾಮೆಂಟರಿ ಸದಾ ಕುದಿಯುತ್ತಿತ್ತು. ಅರ್ಥವಾಗದ ಇಂಗ್ಲಿಷನ್ನು ನಾನು ಕಲಿತದ್ದೂ, ಪಿಚರ್ ಎಂದರೆ ನಮ್ಮ ಬೌಲರ್, ಕ್ಯಾಚರ್ ಎಂದರೆ ವಿಕೆಟ್ ಕೀಪರ್ ಎಂದು ಲೆಕ್ಕ ಹಾಕಿಕೊಂಡದ್ದೂ ಅಲ್ಲೇ. ಚಿನ್ನಿದಾಂಡು ಆಡಿ ಬೆಳೆದ ಕೈಗೆ ಉಳಿದದ್ದು ಕಷ್ಟವಾಗಲಿಲ್ಲ.

ಹಳಬರ ಹಬ್ಬದ ಚರಿತ್ರೆ ಶುರುವಾಗುವುದು ಒಂದು ಕಾಯಿಲೆಯಿಂದ. ಲೂ ಗೆರಿಗ್ ಎಂಬ ಆಟಗಾರ, ಗಟ್ಟಿ ಆಳು. ಒಂದೂ ಬಿಡದೆ ಸತತವಾಗಿ 2,130 ಪಂದ್ಯಗಳನ್ನು ಆಡಿದವನು. 1939ರಲ್ಲಿ ಬ್ಯಾಟು ಹಿಡಿಯುವ ಕೈಯೇ ಸೋಲತೊಡಗಿತು. ನರಗಳು ಸತ್ತು ಮಾಂಸಖಂಡಗಳು ಒಂದೊಂದಾಗಿ ನಿಲ್ಲುವ, ಮದ್ದಿಲ್ಲದ ರೋಗ. ಅವನ 36ನೆಯ ಹುಟ್ಟುಹಬ್ಬದ ದಿನವೇ ಡಾಕ್ಟರರು ಅದರ ಹೆಸರು ಹೇಳಿದರಂತೆ. ಇವತ್ತಿಗೂ ಅಮೆರಿಕದವರು ಆ ರೋಗವನ್ನು ಗೆರಿಗ್‌ನ ಹೆಸರಿನಿಂದಲೇ ಕರೆಯುತ್ತಾರೆ. ಅದೇ ವರ್ಷ ಜುಲೈ 4ರಂದು, ಎರಡು ಪಂದ್ಯಗಳ ನಡುವಿನ ಬಿಡುವಿನಲ್ಲಿ, ಯಾಂಕೀ ಸ್ಟೇಡಿಯಂನಲ್ಲಿ ಅವನನ್ನು ಗೌರವಿಸಿದರು. ನೋಡಲು ಬಂದವರು 60,000ಕ್ಕೂ ಹೆಚ್ಚು. 1927ರಲ್ಲಿ ಅವನ ಜೊತೆ ಆಡಿದ ಹಳೆಯ ಗೆಳೆಯರು ಬೇರೆ ಬೇರೆ ಊರುಗಳಿಂದ ಬಂದು ಸಾಲಾಗಿ ನಿಂತಿದ್ದರು. ತಾನು ಅದೃಷ್ಟವಂತನೆಂದು ಸಾಯಲಿರುವ ಗೆರಿಗ್ ಅಂದು ಹೇಳಿದ್ದನ್ನು ಅಲ್ಲಿಯ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆ ಭಾಷಣದಲ್ಲಿ ನನಗೆ ಪ್ರಿಯವಾದ ಭಾಗ ಬೇರೆ. ತಂದೆತಾಯಿ, ಹೆಂಡತಿ ಎಲ್ಲರನ್ನೂ ನೆನೆಯುವಾಗ ಅವನು ತನ್ನ ಅತ್ತೆಯನ್ನೂ ನೆನೆದ. ಜಗಳ ಬಂದರೆ ಸ್ವಂತ ಮಗಳನ್ನು ಬಿಟ್ಟು ಅಳಿಯನ ಪಕ್ಷ ವಹಿಸುವ ಅತ್ತೆ ಎಂದು. ಅರವತ್ತು ಸಾವಿರ ಜನರ ಮುಂದೆ ಅತ್ತೆಯನ್ನು ಹೊಗಳಿದ ಅಳಿಯನನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಅತ್ತೆಯ ಮಾತು ಬಂದದ್ದರಿಂದ ತಾಯಿಯ ಮಾತೂ ಹೇಳಿಬಿಡುತ್ತೇನೆ. ಗೆರಿಗ್ ಮತ್ತು ಬೇಬ್ ರೂತ್ ಒಂದು ಕಾಲಕ್ಕೆ ಒಂದೇ ತಟ್ಟೆಯಲ್ಲಿ ಉಣ್ಣುವಂಥ ಗೆಳೆಯರು. ಆಮೇಲೆ ಕೆಲವು ವರ್ಷ ಮಾತೇ ಇರಲಿಲ್ಲ. ಕಾರಣ? ರೂತ್‌ನ ಹೆಂಡತಿ ಕ್ಲೇರ್ ತನ್ನ ಮೊದಲ ಮದುವೆಯ ಮಗಳಿಗೆ ಚೆಂದದ ಬಟ್ಟೆ ತೊಡಿಸುತ್ತಾಳೆ, ರೂತ್‌ನ ಮಗಳಿಗೆ ತೊಡಿಸುವುದಿಲ್ಲ ಎಂದು ಗೆರಿಗ್‌ನ ತಾಯಿ ಆಡಿದ ಒಂದು ಮಾತು ಎನ್ನುತ್ತಾರೆ. ಅಮೆರಿಕದ ಇಬ್ಬರು ಮಹಾ ಆಟಗಾರರ ನಡುವೆ ಬಿರುಕು ತಂದದ್ದು ಒಂದು ಫ್ರಾಕು! ಬಾವಿಕಟ್ಟೆಯ ಜಗಳಗಳಿಗೆ ನಮ್ಮನ್ನು ಮಾತ್ರ ಆಡಿಕೊಳ್ಳುತ್ತಾರಲ್ಲ ಎಂದು ನನಗೆ ನಗು. ಜುಲೈ 4ರಂದು ರೂತ್ ಮುಂದೆ ಬಂದು ಗೆರಿಗ್‌ನ ಕೊರಳಿಗೆ ಕೈ ಹಾಕಿ ಅಪ್ಪಿಕೊಂಡ. ಎರಡು ವರ್ಷ ತುಂಬುವುದರೊಳಗೆ, 1941ರ ಜೂನ್ 2ರಂದು ಗೆರಿಗ್ ತೀರಿಕೊಂಡ. ಅವನು ತೊಡುತ್ತಿದ್ದ 4ನೆಯ ಅಂಕಿಯನ್ನು ತಂಡದಲ್ಲಿ ಮತ್ತಾರಿಗೂ ಕೊಡಲಿಲ್ಲ. ದೊಡ್ಡ ಆಟಗಾರನ ಅಂಕಿಯನ್ನು ಹೀಗೆ ಎತ್ತಿಡುವ ಪದ್ಧತಿ ಆ ಆಟದಲ್ಲಿ ಅವನಿಂದಲೇ ಮೊದಲಾಯಿತು.

ರೂತ್‌ನ ಸರದಿ 1948ರ ಜೂನ್ 13ರಂದು ಬಂತು. ಸ್ಟೇಡಿಯಂ ಕಟ್ಟಿ 25 ವರ್ಷವಾದ ಸಮಾರಂಭ, ಮೋಡ ಕವಿದ ದಿನ. ಕ್ಯಾನ್ಸರಿನಿಂದ ಕೃಶವಾಗಿದ್ದ ರೂತ್ ಹಳೆಯ ಸಮವಸ್ತ್ರ ತೊಟ್ಟು ಬಂದ. ಅದು ಅವನ ಮೈಮೇಲೆ ಜೋತಾಡುತ್ತಿತ್ತು. ನಿಲ್ಲಲು ಆಸರೆ ಬೇಕಾಗಿ ಎದುರು ತಂಡದ ಬಾಬ್ ಫೆಲರ್‌ನ ಬ್ಯಾಟನ್ನು ಊರುಗೋಲು ಮಾಡಿಕೊಂಡ. ಫೋಟೋದವರೆಲ್ಲ ಅವನ ಮುಖದ ಮುಂದೆ ಮುತ್ತಿಕೊಂಡಿದ್ದಾಗ ನ್ಯಾಟ್ ಫೀನ್ ಎಂಬಾತ ಮಾತ್ರ ಹಿಂದಕ್ಕೆ ಹೋಗಿ ನಿಂತ. ಇನ್ನು ಯಾರೂ ತೊಡದ 3 ಎಂಬ ಅಂಕಿ ಇದ್ದದ್ದು ಬೆನ್ನಿನ ಮೇಲಲ್ಲವೇ? ಬಾಗಿದ ಬೆನ್ನು, ಕೈಯಲ್ಲಿ ಟೋಪಿ, ಊರಿದ ಬ್ಯಾಟು. ಮುಖವೇ ಕಾಣದ ಆ ಚಿತ್ರಕ್ಕೆ 1949ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಚಿತ್ರ ತೆಗೆದು ಎರಡು ತಿಂಗಳಿಗೆ ರೂತ್ ಇರಲಿಲ್ಲ. ನನ್ನ ಅಜ್ಜಯ್ಯ ಕೊನೆಯ ಸಲ ತೋಟಕ್ಕೆ ಹೋದಾಗ ಹಿಂದಿನಿಂದ ಹೀಗೇ ಕಂಡಿದ್ದರು.

ಪ್ರತಿವರ್ಷದ ಹಬ್ಬವೆಂದು ಇದನ್ನು ಲೆಕ್ಕ ಹಿಡಿಯುವುದು 1947ರಿಂದ. ಬೇರೆ ತಂಡಗಳೂ ಮಾಡುತ್ತಿದ್ದವು, ಕ್ರಮೇಣ ಬಹುಪಾಲು ತಂಡಗಳು ಬಿಟ್ಟುಬಿಟ್ಟವು. ಯಾಂಕೀಸ್‌ನವರು ಬಿಡಲಿಲ್ಲ. ಪದ್ಧತಿ ಸರಳ. ಒಬ್ಬೊಬ್ಬರ ಹೆಸರನ್ನೂ ಧ್ವನಿವರ್ಧಕದಲ್ಲಿ ಕೂಗುತ್ತಾರೆ. ಹೆಸರಿಸಿದವರು ಹೊರಗೆ ಬಂದು ಟೋಪಿ ಎತ್ತಿ, ಬಿಳಿ ಗೆರೆಯ ಮೇಲೆ ನಿಲ್ಲುತ್ತಾರೆ. ಎಲ್ಲರೂ ಬಂದ ಮೇಲೆ ಹೊಟ್ಟೆ ಬಂದವರೂ ಮಂಡಿ ಸೋತವರೂ ಸೇರಿ ಎರಡು ಮೂರು ಇನ್ನಿಂಗ್ಸ್ ಆಡುತ್ತಾರೆ. ಯಾರು ಗೆದ್ದರೆಂದು ಯಾರೂ ನೆನಪಿಡುವುದಿಲ್ಲ. ಆ ಮೈದಾನದ ಪಂದ್ಯಗಳಲ್ಲಿ ಆಟಗಾರರ ಹೆಸರುಗಳನ್ನು ಕೂಗುತ್ತಿದ್ದವರು ಬಾಬ್ ಶೆಪರ್ಡ್. 1951ರಿಂದ 2007ರವರೆಗೆ ಅದೇ ಧ್ವನಿ. ಕಾಲೇಜಿನಲ್ಲಿ ಮಾತಿನ ಕಲೆ ಕಲಿಸುವ ಮೇಷ್ಟರು ಅವರು. ಪ್ರತಿ ಅಕ್ಷರಕ್ಕೂ ಅದರ ಪಾಲಿನ ಕಾಲ ಕೊಟ್ಟು, ಮಂತ್ರ ಹೇಳಿದ ಹಾಗೆ ಹೇಳುತ್ತಿದ್ದರು.

ಈ ಸಾಲಿನಲ್ಲಿ ಯಾರು ಮೊದಲು ಯಾರು ಕೊನೆ ಎಂಬುದೂ ಸಣ್ಣ ವಿಷಯವಲ್ಲ. ಜೋ ಡಿಮ್ಯಾಜಿಯೊ ಎಂಬ ಮಹಾಶಯ ತನ್ನ ಹೆಸರನ್ನು ಎಲ್ಲರಿಗಿಂತ ಕೊನೆಗೇ ಕರೆಯಬೇಕು, ಬದುಕಿರುವ ಆಟಗಾರರಲ್ಲಿ ಅತಿ ಶ್ರೇಷ್ಠ ಎಂದು ಸೇರಿಸಿಯೇ ಕರೆಯಬೇಕು ಎಂದು ಹಟ ಹಿಡಿಯುತ್ತಿದ್ದ. ಮದುವೆಮನೆಯಲ್ಲಿ ಮೊದಲ ತಾಂಬೂಲ ತನಗೇ ಬರಬೇಕೆನ್ನುವ ದೊಡ್ಡತ್ತೆಯರ ಹಾಗೆ. ಆಟ ದೊಡ್ಡದೇ, ಒಪ್ಪೋಣ. ನನಗೇಕೋ ಆತನ ಮೇಲೆ ಮನಸ್ಸು ಹೋಗಲಿಲ್ಲ.

ನನ್ನ ಮನಸ್ಸು ಹೋದದ್ದು ಯೋಗಿ ಬೆರಾನ ಕಡೆಗೆ. ಹೆಸರು ಕೇಳಿ ನಮ್ಮವನೇ ಇರಬೇಕೆಂದು ಮೊದಲು ಕಿವಿ ನಿಮಿರಿತ್ತು. ಇಟಲಿಯಿಂದ ಸೇಂಟ್ ಲೂಯಿಸ್ ನಗರಕ್ಕೆ ವಲಸೆ ಬಂದ ಬಡ ಕುಟುಂಬದ ಹುಡುಗ, ಹುಟ್ಟಿದ್ದು 1925ರಲ್ಲಿ, ಹೆಸರು ಲಾರೆನ್ಸ್. ಬಾಲ್ಯದ ಗೆಳೆಯರು ಯಾವುದೋ ಸಿನಿಮಾದಲ್ಲಿ ಭಾರತದ ಯೋಗಿಯನ್ನು ನೋಡಿದ್ದರಂತೆ. ತನ್ನ ಸರದಿಗೆ ಕಾಯುತ್ತ ಕೈಕಾಲು ಮಡಚಿ ಚಕ್ಕಳಮಕ್ಕಳ ಹಾಕಿ ಕೂತ ಈ ಹುಡುಗನನ್ನು ಕಂಡು ಯೋಗಿ ಎಂದರು, ಅದೇ ನಿಂತಿತು. ಕುಳ್ಳು, ದೊಡ್ಡ ಕಿವಿ, ನೋಡಲು ಆಟಗಾರನೇ ಅಲ್ಲ. ಆದರೆ ಆಟಗಾರನಾಗಿ ಹತ್ತು ಸಲ ವರ್ಲ್ಡ್ ಸೀರೀಸ್ ಗೆದ್ದ, ಮೂರು ಸಲ ವರ್ಷದ ಅತ್ಯುತ್ತಮ ಆಟಗಾರನೆನಿಸಿದ. ಪಕ್ಕದ ಮನೆಯ ಅಜ್ಜಿಗೆ ಅವನು ಮನೆಯ ಮಗನ ಹಾಗೆ. ಬೆರಾ ದಂಪತಿಗಳಿದ್ದದ್ದೂ ನಮ್ಮ ನ್ಯೂಜೆರ್ಸಿಯ ಮಾಂಟ್‌ಕ್ಲೇರ್ ಊರಿನಲ್ಲೇ.

1985ರಲ್ಲಿ ಯೋಗಿ ತಂಡದ ಮ್ಯಾನೇಜರ್, ಎಂದರೆ ತಂಡವನ್ನು ನಡೆಸುವವನು. ಅವನ ಮಗ ಡೇಲ್ ಕೂಡ ಅದೇ ತಂಡದಲ್ಲಿ ಆಡುತ್ತಿದ್ದ. ಇಡೀ ವರ್ಷ ನೀನೇ ಇರುತ್ತೀ ಎಂದು ಒಡೆಯ ಜಾರ್ಜ್ ಸ್ಟೈನ್‌ಬ್ರೆನರ್ ಮಾತು ಕೊಟ್ಟಿದ್ದ. ಹದಿನಾರೇ ಪಂದ್ಯ ಮುಗಿದಿತ್ತು, ತೆಗೆದುಹಾಕಿದ. ತೆಗೆದದ್ದಕ್ಕಿಂತ ಹೆಚ್ಚು ನೋವಾದದ್ದು ಅದನ್ನು ತಾನೇ ಬಂದು ಹೇಳದೆ ಇನ್ನೊಬ್ಬರ ಕೈಯಲ್ಲಿ ಹೇಳಿಕಳಿಸಿದ್ದು. ಈ ಮನುಷ್ಯ ಒಡೆಯನಾಗಿರುವವರೆಗೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಯೋಗಿ ನಿರ್ಧರಿಸಿದ. ಕೂಗಾಡಲಿಲ್ಲ, ಕೋರ್ಟಿಗೆ ಹೋಗಲಿಲ್ಲ. ಬರಲಿಲ್ಲ, ಅಷ್ಟೆ. 1988ರಲ್ಲಿ ಮೈದಾನದಲ್ಲಿ ಅವನ ಹೆಸರಿನ ಫಲಕ ನಿಲ್ಲಿಸಿದಾಗಲೂ ಬರಲಿಲ್ಲ. ಹಳಬರ ಹಬ್ಬಗಳು ವರ್ಷವರ್ಷವೂ ನಡೆದವು, ಆ ಸಾಲಿನಲ್ಲಿ 8ನೆಯ ಅಂಕಿ ಇರಲಿಲ್ಲ. ಅಣ್ಣನ ಮನೆಯಲ್ಲಿ ಒಂದು ಮಾತಿಗೆ ನೊಂದು ತವರನ್ನೇ ಬಿಟ್ಟ ಹೆಂಗಸರನ್ನು ನಾನು ಬಲ್ಲೆ. ಅವರಿಗೆ ಬೇಕಾದದ್ದು ಸೀರೆಯಲ್ಲ, ಪಾಲೂ ಅಲ್ಲ. ಬಂದು ಕರೆಯಬೇಕು, ಅಷ್ಟೆ. ಪಕ್ಕದ ಮನೆಯ ಅಜ್ಜಿಯೂ ಪಣ ತೊಟ್ಟಿದ್ದರು: ಯೋಗಿ ಹೋಗುವವರೆಗೆ ತಾನೂ ಸ್ಟೇಡಿಯಂಗೆ ಹೋಗುವುದಿಲ್ಲವೆಂದು. ರೇಡಿಯೋ ಮಾತ್ರ ಬಿಟ್ಟಿರಲಿಲ್ಲ. 1997ರ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು.

ಹದಿನಾಲ್ಕು ವರ್ಷದ ಈ ಮುನಿಸನ್ನು ಮುರಿದವಳು ಒಬ್ಬ ಹೆಣ್ಣುಮಗಳು. ಸೂಸಿನ್ ವಾಲ್ಡ್‌ಮನ್, ರೇಡಿಯೋ ವರದಿಗಾರ್ತಿ. ಗಂಡಸರ ಗೂಡಾದ ಕ್ರೀಡಾ ವರದಿಗಾರಿಕೆಯಲ್ಲಿ ಹೆಂಗಸಿನ ಧ್ವನಿ ಕೇಳಲಾರೆವೆಂಬ ಬೈಗುಳಗಳನ್ನು ಉಂಡು ನಿಂತವಳು. ಅತ್ತ ಒಡೆಯನಿಗೂ ಇತ್ತ ಯೋಗಿಯ ಮನೆಯವರಿಗೂ ನಡುವೆ ಓಡಾಡಿ, 1999ರ ಜನವರಿ 5ರಂದು ಒಡೆಯನನ್ನೇ ನ್ಯೂಜೆರ್ಸಿಯಲ್ಲಿರುವ ಯೋಗಿಯ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಬರಮಾಡಿಸಿದಳು. ತಾನೇ ಬರದೆ ಬೇರೆಯವರಿಂದ ಹೇಳಿಸಿದವನು, ಈಗ ತಾನೇ ಬಂದು ಕ್ಷಮೆ ಕೇಳಿದ. ಬೇಸ್‌ಬಾಲಿನಲ್ಲಿ ತಾನು ಮಾಡಿದ ಅತಿ ಕೆಟ್ಟ ತಪ್ಪು ಅದೇ ಎಂದ. ಯೋಗಿ ಒಪ್ಪಿದ.

ಆ ವರ್ಷದ ಜುಲೈ 18, ಭಾನುವಾರ. ಸ್ಟೇಡಿಯಂನಲ್ಲಿ ಯೋಗಿ ಬೆರಾ ದಿನ. ನಾನು ಮನೆಯಲ್ಲಿ ಟಿ.ವಿ. ಮುಂದೆ ಬೀನ್ಸು ಸೋಸುತ್ತ ಕೂತಿದ್ದೆ. ಮೊದಲು ಸ್ವಲ್ಪ ಹಿಂದಿನ ಕತೆ ಹೇಳಬೇಕು. ಒಬ್ಬ ಪಿಚರ್ ಎದುರಾಳಿ ತಂಡದ 27 ಸರದಿಗಳಲ್ಲಿ ಒಬ್ಬನೂ ಮೊದಲ ಬೇಸನ್ನು ಸಹ ಮುಟ್ಟದಂತೆ ಆಡಿದರೆ ಅದಕ್ಕೆ ಪರ್ಫೆಕ್ಟ್ ಗೇಮ್ ಎನ್ನುತ್ತಾರೆ. ನೂರಾರು ಸಾವಿರ ಪಂದ್ಯಗಳಲ್ಲಿ ಅಂದಿನವರೆಗೆ ಹದಿನೈದು ಸಲವಷ್ಟೇ ಆಗಿತ್ತು. ವರ್ಲ್ಡ್ ಸೀರೀಸ್‌ನಲ್ಲಂತೂ ಒಂದೇ ಸಲ: 1956ರ ಅಕ್ಟೋಬರ್ 8ರಂದು, ಪಿಚರ್ ಡಾನ್ ಲಾರ್ಸನ್, ಕ್ಯಾಚರ್ ಯೋಗಿ. ಆಟ ಮುಗಿದೊಡನೆ ಯೋಗಿ ಮಗುವಿನ ಹಾಗೆ ಹಾರಿ ಲಾರ್ಸನ್‌ನ ತೋಳಿಗೆ ಬಿದ್ದ ಚಿತ್ರವನ್ನು ಅಜ್ಜಿ ಅಡಿಗೆಮನೆಯ ಗೋಡೆಗೆ ಅಂಟಿಸಿದ್ದರು. ಈಗ, 43 ವರ್ಷದ ಮೇಲೆ, ಅದೇ ಲಾರ್ಸನ್ ಮೊದಲ ಚೆಂಡು ಎಸೆಯುವುದು, ಅದೇ ಯೋಗಿ ಹಿಡಿಯುವುದು ಎಂದು ಗೊತ್ತುಮಾಡಿದ್ದರು. ಯೋಗಿ ತಂಡದ ಕ್ಯಾಚರ್ ಜೋ ಜಿರಾರ್ಡಿಯ ಗ್ಲೌಸನ್ನು ಎರವಲು ತೆಗೆದುಕೊಂಡ, ಹಿಡಿದ, ವಾಪಸು ಕೊಟ್ಟ. ಆಟ ಶುರುವಾಯಿತು.

ಆಮೇಲೆ ಆದದ್ದನ್ನು ಕತೆಯಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ಅಂದಿನ ಪಿಚರ್ ಡೇವಿಡ್ ಕೋನ್, ವಯಸ್ಸು 36. ಒಬ್ಬನೂ ಬೇಸ್ ಮುಟ್ಟಲಿಲ್ಲ. ನಡುವೆ ಮಳೆ ಬಂದು ಅರ್ಧ ಗಂಟೆ ಆಟ ನಿಂತಿತು. ಮತ್ತೆ ಶುರುವಾಯಿತು, ಆಗಲೂ ಯಾರೂ ಮುಟ್ಟಲಿಲ್ಲ. 27 ಜನ ಬಂದರು, 27 ಜನ ಹೋದರು. ಎಸೆದ ಚೆಂಡುಗಳ ಲೆಕ್ಕ ಹಾಕಿದರೆ 88. ಯೋಗಿಯ ಅಂಕಿ ಎಂಟು, ಜೋಡಿಯಾಗಿ! ಲಾರ್ಸನ್ ಮತ್ತು ಯೋಗಿ ಇಬ್ಬರೂ ಮೇಲೆ ಕೂತು ನೋಡುತ್ತಿದ್ದರು. ಬೀನ್ಸು ಸೋಸಿದ್ದು ಎಲ್ಲಿ ಬಿತ್ತೋ ನನಗೆ ತಿಳಿಯಲಿಲ್ಲ. ಅಜ್ಜಿಯ ಮನೆಯಲ್ಲಿ ಆಗ ಬೇರೆ ಯಾರೋ ಬಾಡಿಗೆಗಿದ್ದರು, ಹೋಗಿ ಹೇಳುವಂತಿರಲಿಲ್ಲ.

ಅಲ್ಲಿಂದ ಮುಂದೆ ಯೋಗಿ ಹಬ್ಬಕ್ಕೆ ಬರತೊಡಗಿದ. ನಮ್ಮವರೂ ನಾನೂ ಸ್ಟೇಡಿಯಂಗೆ ಹೋಗಿ ಹಬ್ಬ ನೋಡಿದ್ದು 2008ರ ಆಗಸ್ಟ್ 2ರಂದು. 1923ರ ಆ ಹಳೆಯ ಕಟ್ಟಡಕ್ಕೆ ಅದೇ ಕಡೆಯ ವರ್ಷ, ಪಕ್ಕದಲ್ಲಿ ಹೊಸದು ಎದ್ದು ನಿಂತಿತ್ತು. ಎಪ್ಪತ್ತರಷ್ಟು ಹಳಬರು ಬಂದಿದ್ದರು. ನಮ್ಮವರಿಗೆ ಕ್ರಿಕೆಟ್ಟೇ ಸರಿ; ಯಾಕೆ ಈ ಮುದುಕರಿಗೆ ಇಷ್ಟು ಗಲಾಟೆ ಎಂದು ಗೊಣಗುತ್ತ ಬಂದವರು, ಯೋಗಿಯ ಹೆಸರು ಕೂಗಿದಾಗ ನನಗಿಂತ ಮೊದಲು ಎದ್ದು ನಿಂತರು.

ನಾನು ನಿಮಗೆ ಮುಖ್ಯವಾಗಿ ಹೇಳಬೇಕೆಂದಿದ್ದದ್ದು ಈ ಹಬ್ಬದ ಇನ್ನೊಂದು ಪದ್ಧತಿ. ಆಟಗಾರ ತೀರಿಕೊಂಡಿದ್ದರೆ ಅವನ ಹೆಂಡತಿಯನ್ನು ಕರೆಯುತ್ತಾರೆ. ಅವಳ ಹೆಸರನ್ನೂ ಅದೇ ಧ್ವನಿವರ್ಧಕದಲ್ಲಿ ಕೂಗುತ್ತಾರೆ, ಅವಳೂ ಮೈದಾನದೊಳಕ್ಕೆ ನಡೆದು ಬರುತ್ತಾಳೆ, ಜನ ಎದ್ದು ಚಪ್ಪಾಳೆ ತಟ್ಟುತ್ತಾರೆ. ಗೆರಿಗ್‌ನ ಹೆಂಡತಿ ಎಲೀನರ್, ರೂತ್‌ನ ಹೆಂಡತಿ ಕ್ಲೇರ್ ಇಬ್ಬರೂ ಬಹಳ ವರ್ಷ ಹೀಗೆ ಬಂದರು. ಎಲೀನರ್ ವಿಧವೆಯಾದಾಗ ಮೂವತ್ತೇಳೇ ವರ್ಷ, ಮಕ್ಕಳಿಲ್ಲ, ಮರುಮದುವೆಯಾಗಲಿಲ್ಲ. 1984ರಲ್ಲಿ ತೀರಿಕೊಂಡಳು. ಥರ್ಮನ್ ಮನ್ಸನ್ ಎಂಬ ಕ್ಯಾಚರ್ ತನ್ನದೇ ಸಣ್ಣ ವಿಮಾನವನ್ನು ಇಳಿಸುವ ಅಭ್ಯಾಸ ಮಾಡುವಾಗ 1979ರ ಆಗಸ್ಟ್ 2ರಂದು ಸತ್ತ, 32 ವರ್ಷಕ್ಕೆ. ಮೂರು ಸಣ್ಣ ಮಕ್ಕಳ ಜೊತೆ ಉಳಿದ ಹೆಂಡತಿ ಡಯಾನಾ. ಎಲ್ಸ್‌ಟನ್ ಹೋವರ್ಡ್ ಯಾಂಕೀಸ್‌ಗೆ ಆಡಿದ ಮೊದಲ ಕರಿಯ ಆಟಗಾರ. ಬೇರೊಂದು ತಂಡದಲ್ಲಿ ಜಾಕಿ ರಾಬಿನ್ಸನ್ 1947ರಲ್ಲೇ ಆ ಬೇಲಿ ಮುರಿದಿದ್ದರೂ ಇಲ್ಲಿ ಬಾಗಿಲು ತೆರೆಯಲು 1955ರವರೆಗೆ ಕಾಯಬೇಕಾಯಿತು. 1980ರಲ್ಲಿ ಅವನು ಹೋದ ಮೇಲೆ ಅವನ ಹೆಂಡತಿ ಆರ್ಲೀನ್ ಬರುತ್ತಿದ್ದಳು. ಗಂಡ ಅನುಭವಿಸಿದ ಅವಮಾನಗಳನ್ನೂ ಮರ್ಯಾದೆಗಳನ್ನೂ ಸೇರಿಸಿ 2001ರಲ್ಲಿ ಆಕೆ ಒಂದು ಪುಸ್ತಕವನ್ನೇ ಬರೆದಳು.

2011ರಲ್ಲಿ ನಮ್ಮವರು ಹೋದರು. ಮರುವರ್ಷ ಊರಿನಲ್ಲಿ ಹತ್ತಿರದ ಬಂಧುಗಳ ಮನೆಯಲ್ಲಿ ಉಪನಯನ. ಅರಿಶಿನ ಕುಂಕುಮದ ತಟ್ಟೆ ಸಾಲಿನಲ್ಲಿ ಬರುತ್ತ ಬರುತ್ತ ನನ್ನನ್ನು ದಾಟಿ ಪಕ್ಕದವಳ ಮುಂದೆ ನಿಂತಿತು. ತಟ್ಟೆ ಹಿಡಿದ ಹುಡುಗಿ ಇಪ್ಪತ್ತರವಳು, ಅವಳ ಕಣ್ಣು ನನ್ನ ಕಣ್ಣನ್ನು ತಪ್ಪಿಸಿತು. ಯಾರೂ ಏನೂ ಅನ್ನಲಿಲ್ಲ. ಕೋಪ ಬಂತೆನ್ನಲಾರೆ. ಆ ಹೊತ್ತಿಗೆ ನನಗೆ ನೆನಪಾದದ್ದು ಡಯಾನಾ ಮನ್ಸನ್. ಗಂಡ ಸತ್ತ ಕಾರಣಕ್ಕೇ ಅವಳನ್ನು ಹಬ್ಬಕ್ಕೆ ಕರೆಯುತ್ತಾರೆ, ಇಲ್ಲಿ ಅದೇ ಕಾರಣಕ್ಕೆ ತಟ್ಟೆ ದಾಟಿ ಹೋಗುತ್ತದೆ. ಅಲ್ಲಿಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಅವಳನ್ನು ಕರೆಯುವುದು ಇಂಥವನ ಹೆಂಡತಿ ಎಂದೇ. ಮಕ್ಕಳನ್ನು ಒಂಟಿಯಾಗಿ ಸಾಕಿದ್ದಕ್ಕೆ ಯಾವ ಫಲಕವೂ ಇಲ್ಲ. ಆದರೂ ಕರೆಯುತ್ತಾರೆ.

ಎಲ್ಲರನ್ನೂ ಕರೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಬೇಸ್‌ಬಾಲಿನವರಿಗೆ ಪಿಂಚಣಿ ಬಂದದ್ದು 1947ರಲ್ಲಿ. ಬಹಳ ಕಾಲ ಅದಕ್ಕೆ ನಾಲ್ಕು ವರ್ಷದ ಸೇವೆ ಬೇಕಿತ್ತು. 1980ರಲ್ಲಿ ನಿಯಮ ಸಡಿಲಿಸಿ 43 ದಿನ ಆಡಿದರೂ ಸಾಕೆಂದರು, ಆದರೆ ಅದಕ್ಕೆ ಮೊದಲು ಆಡಿ ಬಿಟ್ಟವರಿಗೆ ಅದು ಅನ್ವಯಿಸಲಿಲ್ಲ. ಮೂರೂವರೆ ವರ್ಷ ಆಡಿ ಮೊಳಕೈ ಕೆಟ್ಟು ಮನೆಗೆ ಹೋದವನಿಗೆ ಏನೂ ಇಲ್ಲ. 2011ರಲ್ಲಿ ಅಂಥವರಿಗೆ ವರ್ಷಕ್ಕೆ ಹೆಚ್ಚೆಂದರೆ 10,000 ಡಾಲರ್ ಕೊಡಲು ಒಪ್ಪಿದರು. ಅದೂ ಅವನು ಬದುಕಿರುವವರೆಗೆ. ಸತ್ತರೆ ಹೆಂಡತಿಗೆ ಒಂದು ಸೆಂಟೂ ಬರುವುದಿಲ್ಲ. ಮೈದಾನಕ್ಕೆ ನಡೆದು ಬರುವ ವಿಧವೆಯರನ್ನು ನೋಡುವಾಗ, ಬಾರದ ಈ ವಿಧವೆಯರೂ ನನ್ನ ಕಣ್ಣ ಮುಂದೆ ಬರುತ್ತಾರೆ.

ನ್ಯೂಯಾರ್ಕಿನ ಇನ್ನೊಂದು ತಂಡ ಮೆಟ್ಸ್ ಇಂಥ ಹಬ್ಬವನ್ನು 1994ರ ಮೇಲೆ ಮರೆತೇಬಿಟ್ಟಿತ್ತು. 2022ರ ಆಗಸ್ಟ್ 27ರಂದು ಮತ್ತೆ ಮಾಡಿದರು. ಆ ದಿನ ಯಾರಿಗೂ ಮೊದಲು ತಿಳಿಸದೆ ವಿಲ್ಲಿ ಮೇಸ್‌ನ 24ನೆಯ ಅಂಕಿಯನ್ನು ಎತ್ತಿಟ್ಟರು. ತಂಡವನ್ನು ಕಟ್ಟಿದ ಒಡತಿ ಜೋನ್ ಪೇಸನ್ ಮೇಸ್‌ಗೆ ಕೊಟ್ಟಿದ್ದ ಮಾತದು. ಆಕೆ 1975ರಲ್ಲೇ ತೀರಿಕೊಂಡಳು, ಮಾತು ಅಲ್ಲಿಗೇ ನಿಂತಿತ್ತು. ಸಲ್ಲಿಸುವ ಹೊತ್ತಿಗೆ ಮೇಸ್‌ಗೆ 91. ಅವನಿಗೆ ಬರಲಾಗಲಿಲ್ಲ, ಮಗ ಬಂದಿದ್ದ.

ಯೋಗಿಯ ಹೆಂಡತಿ ಕಾರ್ಮೆನ್ 2014ರಲ್ಲಿ ಹೋದಳು, ಮರುವರ್ಷ ಸೆಪ್ಟೆಂಬರಿನಲ್ಲಿ ಯೋಗಿ, ತೊಂಬತ್ತು ತುಂಬಿ. ಕೊರೋನಾದ ಎರಡು ವರ್ಷ ಹಬ್ಬವೇ ನಡೆಯಲಿಲ್ಲ. 2022ರಲ್ಲಿ ಮತ್ತೆ ಶುರುವಾದರೂ ಬರೀ ಹೆಸರು ಕೂಗುವುದು, ಕೈ ಬೀಸುವುದು, ಆಟ ಇರಲಿಲ್ಲ. ಊಟವಿಲ್ಲದ ಮದುವೆಯ ಹಾಗೆ ಅನಿಸುತ್ತಿತ್ತು. 2025ರ ಆಗಸ್ಟ್‌ನಲ್ಲಿ ಆಟವನ್ನೂ ಸೇರಿಸಿದರು. ಮರಿಯಾನೊ ರಿವೆರಾ ಬಂದಿದ್ದ. ಆಟದ ಕೊನೆಯ ಘಳಿಗೆಯಲ್ಲಿ ಬಂದು ಎದುರಾಳಿಗಳ ಬಾಯಿ ಮುಚ್ಚಿಸುತ್ತಿದ್ದ ಮಹಾ ಪಿಚರ್. 2019ರ ಹಬ್ಬದಲ್ಲಿ ಅವನು ಬ್ಯಾಟು ಹಿಡಿದು, ಚೆಂಡು ಬರುವುದರೊಳಗೆ ನಾಲ್ಕೂ ಬೇಸ್ ಓಡಿ ಹೋಮ್‌ರನ್ ಮಾಡಿದ್ದ, ಆ ಹುರುಪು ಇತ್ತೇನೋ. ಈ ಸಲ ವಯಸ್ಸು 55. ಆಟದ ನಡುವೆ ಹಿಮ್ಮಡಿಯ ನರ ಹರಿದುಕೊಂಡ, ಆಪರೇಷನ್ನೇ ಆಗಬೇಕಾಯಿತು. ಸುದ್ದಿ ಓದಿದ ಮಗಳು ಫೋನಿನಲ್ಲಿ, ಈ ವಯಸ್ಸಿನಲ್ಲಿ ಅವನಿಗೆ ಓಡಲು ಹೇಳಿದವರು ಯಾರಮ್ಮ ಎಂದಳು. ಯಾರೂ ಹೇಳಿರಲಿಕ್ಕಿಲ್ಲ ಎಂದೆ.